ಹೆಬ್ಬೆಟ್ಟಿಗೆ ಮದರಂಗಿ

ಹುಲಿಗೆಮ್ಮನ ಹೆಬ್ಬೆಟ್ಟನ್ನು ಯಂತ್ರ ನಂಬುತ್ತಿರಲಿಲ್ಲ.

ಬೆಳಗಿನ ಐದೂವರೆಗೆ ತಾಟಿಗುಂಟಪಾಲೆಂ ಪಂಚಾಯ್ತಿ ಕಚೇರಿಯ ಮುಂದೆ ಸಾಲು ನಿಲ್ಲಬೇಕು. ಕಂಟ್ರಾಕ್ಟು ಕಂಪನಿಯವರು ಕೊಟ್ಟ ಯಂತ್ರ ಮೇಸ್ತ್ರಿ ಜಗದೀಶನ ಕೈಯಲ್ಲಿರುತ್ತದೆ. ಹೆಬ್ಬೆಟ್ಟು ಒತ್ತಬೇಕು. ಹಸಿರು ದೀಪ ಹತ್ತಿದರೆ ಕೆಲಸಕ್ಕೆ ಬಂದಂತೆ. ಕೆಂಪು ಹತ್ತಿದರೆ ಬಂದಿಲ್ಲ. ಎದುರಿಗೇ ನಿಂತಿದ್ದರೂ ಬಂದಿಲ್ಲ. ಒಂಬತ್ತು ವರ್ಷ ಬರಿಗೈಯಲ್ಲಿ ಒಡೆದ ಗಾಜು, ಸಿರಿಂಜು, ಕೂಸುಗಳ ಡೈಪರು, ಸತ್ತ ಇಲಿ ಎತ್ತಿದ ಕೈ ಅದು. ಬ್ಲೀಚಿಂಗ್ ಪುಡಿ ಎರಚಿದ ಕೈ. ಹೆಬ್ಬೆಟ್ಟಿನ ಗೆರೆಗಳು ಎಂದೋ ಸವೆದುಹೋಗಿದ್ದವು.

"ಗೆರೆ ಇಲ್ಲ ಅಕ್ಕಾ," ಎನ್ನುತ್ತಿದ್ದ ಜಗದೀಶ್. "ಗೆರೆ ಇಲ್ಲ ಅಂದ್ರೆ ನೀನೂ ಇಲ್ಲ."

"ನಾ ಇಲ್ಲಂದ್ರ ಈ ಪೊರಕಿ ಯಾರ ಕೈಯಾಗ ಐತಪಾ?"

"ಅದು ಯಂತ್ರಕ್ಕೆ ಗೊತ್ತಾಗಲ್ಲ."

ಇಲ್ಲದವಳು ಪೊರಕೆ ಹಿಡಿದು ಮಧ್ಯಾಹ್ನದವರೆಗೆ ಊರು ಗುಡಿಸುತ್ತಿದ್ದಳು. ಇಲ್ಲದವಳು ನೀರು ಕೇಳಿದರೆ ಮನೆಯವರು ಚೊಂಬನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಕಾಗದದಲ್ಲಿ ಮಾತ್ರ ಅವಳಿಗೊಂದು ಚೆಂದದ ಹೆಸರಿತ್ತು. ಹಸಿರು ರಾಯಭಾರಿ. ಅದನ್ನು ಕೇಳಿದಾಗಲೆಲ್ಲ ಅವಳ ಅತ್ತೆ ಗಂಗಾಭವಾನಿ ಬಿದ್ದು ಬಿದ್ದು ನಗುತ್ತಿದ್ದಳು. "ರಾಯಭಾರಿ ಅಂದ್ರೆ ವಿಮಾನದಲ್ಲಿ ಹೋಗೋರು ಕಣೇ. ನಿನಗೆ ತಳ್ಳುಗಾಡಿ ಕೊಟ್ಟಿದ್ದಾರೆ. ಗಾಲಿ ಮೂರೇ."

ಗಂಗಾಭವಾನಿಯ ತಾಯಿನುಡಿ ತೆಲುಗು. ರಾಯಚೂರು ಕಡೆಯ ಸೊಸೆಯೊಂದಿಗೆ ಜಗಳ ಆಡಬೇಕೆಂದೇ ಅವಳು ಕನ್ನಡ ಕಲಿತದ್ದು. ಜಗಳ ಮುಗಿದು ಹನ್ನೆರಡು ವರ್ಷವಾಗಿತ್ತು. ಕನ್ನಡ ಉಳಿದಿತ್ತು.

ಹುಲಿಗೆಮ್ಮ ಸಿಂಧನೂರಿನವಳು. ರಸ್ತೆ ಕೆಲಸದ ಗ್ಯಾಂಗಿನೊಂದಿಗೆ ಅಪ್ಪ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಗೆ ಬಂದ. ಡಾಂಬರಿನ ಹೊಗೆಯಲ್ಲೇ ಮಗಳು ದೊಡ್ಡವಳಾದಳು. ಅಲ್ಲೇ ಆಚೆಯ ತಾಟಿಗುಂಟಪಾಲೆಂನ ಪೃಥ್ವೀರಾಜನನ್ನು ಕಟ್ಟಿಕೊಂಡಳು. ಹೆಸರು ಪೃಥ್ವೀರಾಜ್, ಓಡಿಸುವುದು ವಿಜಯವಾಡದಲ್ಲಿ ಕಸದ ಲಾರಿ. ತಿಂಗಳಿಗೊಮ್ಮೆ ರೈಲು ಹತ್ತಿ ಬರುತ್ತಾನೆ. ಮನೆಯಲ್ಲಿ ಅತ್ತೆ, ಸೊಸೆ, ಒಂದು ಮಗು. ಊರು ಬಿಡುವ ಮೊದಲು ಹುಲಿಗೆಮ್ಮ ಏಳನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಳು. ಕೆಲಸಕ್ಕೆ ಸೇರಿದ ದಿನ ಕನ್ನಡದಲ್ಲಿ ಸಹಿ ಹಾಕಿದಳು. ಪಂಚಾಯ್ತಿ ಕಾರ್ಯದರ್ಶಿ ಸತ್ಯಮೂರ್ತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನಮ್ಮಾ, ಜಿಲೇಬಿ?" ಎಂದರು. ಅವರ ತೆಲುಗೂ ಜಿಲೇಬಿಯೇ, ಆದರೆ ಅದನ್ನು ಹೇಳುವ ಧೈರ್ಯ ಅಂದು ಅವಳಿಗಿರಲಿಲ್ಲ. ಸಹಿಯ ಮೇಲೆ ಗೀಟು ಎಳೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಅಂದಿನಿಂದ ಅವಳು ಅನಕ್ಷರಸ್ಥೆ. ಕನ್ನಡ, ತೆಲುಗು ಎರಡೂ ಅಕ್ಕತಂಗಿಯರಂಥ ಲಿಪಿಗಳು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿಯೇ ತೆಲುಗು ಓದಲು ಕಲಿತಳು. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಆಷಾಢದ ಮೊದಲ ಗುರುವಾರ ಸಂಜೆ ಜಗದೀಶ್ ಊರಾಚೆಯ ಕಸ ಎತ್ತುವವರ ಕಾಲನಿಗೆ ಬಂದ. ಕಂಕುಳಲ್ಲಿ ಪಂಚಾಯ್ತಿಯ ರಿಜಿಸ್ಟರು, ಜೇಬಿನಲ್ಲಿ ಶಾಯಿ ಡಬ್ಬಿ. ಕಾಲನಿಗೆ ಗ್ರಾಮಸಭೆ ಬರುತ್ತಿದ್ದುದೇ ಹೀಗೆ. ಸಭೆಗೆ ಇಷ್ಟು ಜನ ಇರಲೇಬೇಕೆಂದು ನಿಯಮ. ಕಚೇರಿಗೆ ಬರುತ್ತಿದ್ದವರು ಹನ್ನೊಂದು ಮಂದಿ. ಮಿಕ್ಕ ತಲೆಗಳನ್ನು ಕಾಲನಿ ಒದಗಿಸುತ್ತಿತ್ತು. ಸಾಲಾಗಿ ಹೆಬ್ಬೆಟ್ಟು. ಏನು ಬರೆದಿದೆ ಎಂದು ಕೇಳಿದವರಿಲ್ಲ. ಬೆಳಿಗ್ಗೆ ಯಂತ್ರ ನಂಬದ ಹೆಬ್ಬೆಟ್ಟನ್ನು ಸಂಜೆ ಈ ರಿಜಿಸ್ಟರು ಕಣ್ಣುಮುಚ್ಚಿ ನಂಬುತ್ತಿತ್ತು.

ಹುಲಿಗೆಮ್ಮ ಆಗಷ್ಟೇ ಮೀನಂಗಡಿಯ ಮೋರಿ ಎತ್ತಿ ಬಂದಿದ್ದಳು. ಇನ್ನೂ ಮಿಂದಿರಲಿಲ್ಲ. ಜಗದೀಶ್ ಹಾಳೆ ಬಿಡಿಸಿ ಮುಂದೆ ಹಿಡಿದ. ಅವಳ ಕಣ್ಣು ಅಕ್ಷರಗಳ ಮೇಲೆ ಓಡಿತು. ತಾರೀಖು ಬರುವ ಸೋಮವಾರದ್ದು. ಕಾಲನಿಯ ಪಕ್ಕದ ದಿಬ್ಬ. ನಗರದ ಕಸ ಸುರಿಯುವ ಕೇಂದ್ರ. ಹದಿನೈದು ವರ್ಷ. ಕೊನೆಯಲ್ಲೊಂದು ತೆಲುಗು ಪದ, ಕನ್ನಡದ ಕಿವಿಗೂ ತಿಳಿಯುವಂಥದ್ದು: ಏಕಗ್ರೀವ.

ಒಂದೇ ಕೊರಳು, ಅಂದರೆ ಸರ್ವಾನುಮತ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಅವಳ ಕೊರಳು ಆಗಲೇ ಅಲ್ಲಿ ಕೂತಿತ್ತು.

"ಒತ್ತು ಅಕ್ಕಾ, ಕತ್ತಲಾಗ್ತಿದೆ."

"ಕೈ ನೋಡಪಾ." ಹುಲಿಗೆಮ್ಮ ಅಂಗೈಯನ್ನು ಅವನ ಮೂಗಿನ ಹತ್ತಿರ ತಂದಳು. "ಮೀನಿನ ಕರುಳು ಹತ್ತೈತಿ. ಹಂಗ ಒತ್ತಲೇನು?"

ಜಗದೀಶ್ ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದ. ವಾಸನೆ ಬಂದರೆ ಸತ್ಯಮೂರ್ತಿಗಾರು ಅದನ್ನು ಮುಟ್ಟುವುದಿಲ್ಲ. "ಸರಿ, ಅತ್ತೆ, ನೀನಾದರೂ ಒತ್ತು," ಎಂದು ಗಂಗಾಭವಾನಿಯ ಕಡೆ ತಿರುಗಿದ.

ಗಂಗಾಭವಾನಿ ಜಗಲಿಯಲ್ಲಿ ಕಾಲು ಚಾಚಿ, ಎರಡೂ ಕೈ ಅಗಲಿಸಿ ಕೂತಿದ್ದಳು. ಅಂಗೈ ನಡುವೆ ರೂಪಾಯಿಯಷ್ಟು ದುಂಡಗೆ ಹಸಿರು ಮುದ್ದೆ. ಹತ್ತೂ ಬೆರಳ ತುದಿಗೆ ಟೋಪಿ ಹಾಕಿದಂತೆ ಮೆತ್ತಿತ್ತು. ಆಷಾಢದಲ್ಲಿ ಆ ಕಡೆಯ ಹೆಂಗಸರೆಲ್ಲ ಗೋರಿಂಟಾಕು, ಅಂದರೆ ಮದರಂಗಿ ಸೊಪ್ಪು, ಅರೆದು ಹಚ್ಚಿಕೊಳ್ಳುತ್ತಾರೆ. ಮಳೆಗಾಲದ ನೀರಿಗೆ ಸೀಳುವ ಚರ್ಮ ಅದರಿಂದ ಕೂಡಿಕೊಳ್ಳುತ್ತದೆ. ಕಾಲನಿಯವರ ಕೈ ವರ್ಷವಿಡೀ ಸೀಳುತ್ತಿತ್ತು. ವರ್ಷಕ್ಕೊಮ್ಮೆಯಾದರೂ ಕೈಗೆ ಬೆಲೆ ಸಿಗಲಿ ಎಂದು ಗಂಗಾಭವಾನಿ ಮೊದಲ ವಾರದಲ್ಲೇ ಕಲ್ಲು ತೊಳೆಯುತ್ತಿದ್ದಳು. ಗಂಡ ಸತ್ತವಳು ಹಚ್ಚಿಕೊಳ್ಳಬಾರದೆಂದು ಊರಿನ ಒಬ್ಬಳು ಹೇಳಿದ್ದಕ್ಕೆ, "ಗಂಡ ಸತ್ತವಳು ನಿಮ್ಮ ಕಸ ಎತ್ತಬಾರದು ಅಂತ ಯಾರಾದರೂ ಹೇಳಿದ್ರಾ?" ಎಂದು ಕೇಳಿ ಬಂದಿದ್ದಳು.

"ಹೇಗೆ ಒತ್ತಲೋ? ಕಾಣಲ್ವಾ?" ಎಂದಳು.

"ತೊಳ್ಕೋ."

"ಅರ್ಧಕ್ಕೆ ತೊಳೆದರೆ ತೊಳೆಸಿದವನ ಕಣ್ಣು ಹೋಗುತ್ತೆ."

ಅಂಥ ನಂಬಿಕೆ ಎಲ್ಲೂ ಇರಲಿಲ್ಲ. ಅವಳ ಬಾಯಲ್ಲಿ ಆ ಕ್ಷಣ ಹುಟ್ಟಿತು. ಜಗದೀಶ್ ಒಮ್ಮೆ ಕಣ್ಣು ಮಿಟುಕಿಸಿ ಮುಂದಿನ ಮನೆಗೆ ಹೋದ. ಅಲ್ಲೂ ಹಸಿರು ಕೈ. ಅದರಾಚೆಯೂ ಹಸಿರು ಕೈ. ಆ ದಿನ ಅವನಿಗೆ ಸಿಕ್ಕಿದ್ದು ನಾಲ್ಕು ಗಂಡಸರ ಹೆಬ್ಬೆಟ್ಟು ಮಾತ್ರ. ನಾಳೆ ಸಂಜೆ ಎಲ್ಲರೂ ಕೈ ತೊಳೆದು ಕೂತಿರಬೇಕೆಂದು ಬೀದಿಯ ತುದಿಯಲ್ಲಿ ನಿಂತು ಕೂಗಿ ಹೊರಟುಹೋದ.

ಹುಲಿಗೆಮ್ಮ ದಿಬ್ಬಕ್ಕೆ ಹೋಗಿ ಮಿಂದಳು. ಕಾಲನಿಯ ಬೋರ್‌ವೆಲ್ ಇರುವುದು ಅಲ್ಲೇ. ನಾಲ್ಕು ತಡಿಕೆ ಕಟ್ಟಿದ ಬಚ್ಚಲು ಅಲ್ಲೇ. ಸಂಜೆ ಹೆಂಗಸರು ಮೈಯುಜ್ಜಿ ಮಿಂದು, ಒದ್ದೆ ತಲೆಯಲ್ಲಿ ದಿಬ್ಬದ ಮೇಲೆ ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. ಸಮುದ್ರದ ಕಡೆಯಿಂದ ಗಾಳಿ ಬರುತ್ತದೆ. ಇಡೀ ದಿನದಲ್ಲಿ ಅವರ ಮೂಗಿಗೆ ಸೋಪಿನ ವಾಸನೆ ಬರುವುದು ಆ ಒಂದು ಗಳಿಗೆ.

ಅಲ್ಲಿಂದಲೇ ಗಂಡನಿಗೆ ಫೋನು ಮಾಡಿ ಓದಿದ್ದನ್ನು ಹೇಳಿದಳು. ಪೃಥ್ವೀರಾಜ್ ವಿಜಯವಾಡದ ಭವಾನಿಪುರಂನ ಬಾಡಿಗೆ ರೂಮಿನಲ್ಲಿ ಅನ್ನ ಕಲಸುತ್ತಿದ್ದ.

"ನದಿ ಗಾಳಿ ಬರ್ತದೆ ಅಂತ ಈ ರೂಮು ಹಿಡ್ದೆ ಹುಲೀ," ಎಂದ. "ಈಗ ನಮ್ಮ ಲಾರಿಗಳು ರಾತ್ರಿ ಇಲ್ಲೇ ನಿಲ್ತವೆ. ಕಿಟಕಿ ಮುಚ್ಚಿ ಊಟ ಮಾಡ್ತೀನಿ. ನಿಲ್ಲಿಸೋ ಮುಂಚೆ ಯಾರೂ ಕೇಳಲಿಲ್ಲ. ಕೇಳಿದ್ರಂತೆ. ಕಾಗದ ತೋರಿಸ್ತಾರೆ. ಅದರಲ್ಲಿ ನಮ್ಮ ಓನರ್ ಅವ್ವನ ಹೆಬ್ಬೆಟ್ಟು ಇದೆ. ಆಯಮ್ಮ ಸತ್ತು ಎರಡು ವರ್ಷ."

"ನಾ ಏನ್ ಮಾಡ್ಲಿ?"

"ಹೆಬ್ಬೆಟ್ಟು ಮಾತ್ರ ಒತ್ತಬೇಡ. ಅಷ್ಟೇ ನಮ್ಮ ಕೈಲಿರೋದು."

ಹುಲಿಗೆಮ್ಮ ಮನೆಗೆ ಬಂದು ಅತ್ತೆಯ ಹಸಿರು ಕೈ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು. ಹೊಟ್ಟೆಯಿಂದ ಬಂತು.

"ಅತ್ತೀ, ಇನ್ನ ಸೊಪ್ಪು ಐತೇನು?"

"ಗಿಡ ತುಂಬ ಇದೆ. ಯಾಕೆ?"

"ಇಡೀ ಕಾಲನಿಗೆ ಸಾಕಾಗತೈತೇನು?"

ಗುರುವಾರ ರಾತ್ರಿಯೇ ಹುಲಿಗೆಮ್ಮ ಮನೆಮನೆಗೆ ಹೋಗಿ ಹಾಳೆಯಲ್ಲಿ ಓದಿದ್ದನ್ನು ಹೇಳಿದಳು. ಶುಕ್ರವಾರ ಜಗದೀಶ್ ಬಂದಾಗ ಬೀದಿಯ ಎರಡೂ ಬದಿ ಜನ ಕೈ ಅಗಲಿಸಿ ಕೂತಿದ್ದರು. ಹೆಂಗಸರಷ್ಟೇ ಅಲ್ಲ, ಗಂಡಸರೂ. ಅವರನ್ನು ಒಪ್ಪಿಸಲು ಮಧ್ಯಾಹ್ನವೆಲ್ಲ ಹಿಡಿದಿತ್ತು. "ಮೀಸೆ ಇಟ್ಕೊಂಡು ಗೋರಿಂಟಾಕಾ?" ಎಂದು ಮುದುಕ ಸಿಂಹಾಚಲಂ ಕೂಗಾಡಿದ್ದ. ಅವನ ಹೆಂಡತಿ ಅವನನ್ನು ಗೋಡೆಗೆ ಒರಗಿಸಿ ಮೆತ್ತಿದ್ದಳು. ಈಗ ಅವನು ಎಲ್ಲರಿಗಿಂತ ಜೋಪಾನವಾಗಿ ಬೆರಳು ಹಿಡಿದುಕೊಂಡು, ನನ್ನದು ಹೆಚ್ಚು ಕೆಂಪಾಗುತ್ತದೆ ನೋಡ್ತಿರಿ ಎನ್ನುತ್ತಿದ್ದ.

ಕೈಗೆ ಮದರಂಗಿ ಮೆತ್ತಿದವರು ಮೂರು ಗಂಟೆ ಏನನ್ನೂ ಮುಟ್ಟುವ ಹಾಗಿಲ್ಲ. ಮೂಗು ತುರಿಸಿದರೆ ಪಕ್ಕದವರ ಭುಜಕ್ಕೆ ಉಜ್ಜಬೇಕು. ಬೀಡಿ ಬೇಕಾದವರ ಬಾಯಿಗೆ ಚಿಕ್ಕ ಮಕ್ಕಳು ಬೀಡಿ ಇಡುತ್ತಿದ್ದರು. ಒಬ್ಬಳ ಸೀರೆಯ ಸೆರಗು ಜಾರಿತು, ಇನ್ನೊಬ್ಬಳು ಹಲ್ಲಿನಲ್ಲಿ ಕಚ್ಚಿ ಮೇಲೆ ಹಾಕಿದಳು. ಕಾಲನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು. ಆ ನೀರನ್ನು ಒರೆಸಿಕೊಳ್ಳಲೂ ಯಾರಿಗೂ ಕೈ ಇರಲಿಲ್ಲ.

"ಇದೇನು ನಾಟಕ?" ಜಗದೀಶ್ ಬೆವರಿದ.

"ಆಷಾಢ ಕಣೋ," ಎಂದಳು ಗಂಗಾಭವಾನಿ. "ಮೂರು ದಿನ ಹಚ್ಚಬೇಕು. ನಮ್ಮ ಹರಕೆ."

"ಗಂಡಸರಿಗೂ?"

"ಗಂಡಸರ ಕೈ ಸೀಳಲ್ವಾ? ಮೋರಿಗೆ ಗಂಡಸು ಹೆಂಗಸು ಗೊತ್ತಾಗುತ್ತಾ? ನೀನೂ ಕೂತ್ಕೋ, ಒಂದು ಬೊಟ್ಟು ಇಡ್ತೀನಿ."

ಅವನೂ ಅದೇ ಜಾತಿಯವನು, ಆಚೆ ಬೀದಿಯವನು. ಮೇಸ್ತ್ರಿ ಆದ ಮೇಲೆ ಷೂ ಹಾಕುತ್ತಿದ್ದ. ಒಬ್ಬಿಬ್ಬರ ಕೈ ಹಿಡಿದು ಎಳೆಯಲು ಹೋದ. ಕಣ್ಣಿನ ಮಾತು ನೆನಪಾಗಿ ಬಿಟ್ಟ. ಹಗಲು ಬೀದಿಯಲ್ಲಿ ಹಿಡಿಯೋಣವೆಂದರೆ ಕೈ ತುಂಬ ಕಸ. ಆ ಕೈಯಿಂದ ರಿಜಿಸ್ಟರು ಮುಟ್ಟಿಸುವ ಹಾಗಿಲ್ಲ. ಸಂಜೆ ಬಂದರೆ ಕೈ ತುಂಬ ಗೋರಿಂಟಾಕು. ಶನಿವಾರವೂ ಹಾಗೇ ಆಯಿತು. ಭಾನುವಾರ ಗಿಡದಲ್ಲಿ ಒಂದೆಲೆ ಉಳಿಯಲಿಲ್ಲ, ಪೆಂಡುರ್ತಿ ಸಂತೆಯಿಂದ ಮೂಟೆ ಬಂತು. ಜಗದೀಶ್ ಗೋಡೆಗೆ ತಲೆ ಆನಿಸಿ ನಿಂತ.

"ಕೆಲಸದಿಂದ ತೆಗೀತಾರೆ ಅಕ್ಕಾ," ಎಂದ ಮೆಲ್ಲಗೆ. ಅದು ಬೆದರಿಕೆಯಾಗಿರಲಿಲ್ಲ. ಅವನಿಗೇ ಹೆದರಿಕೆಯಾಗಿತ್ತು.

"ಗೊತ್ತೈತಪಾ."

ಹುಲಿಗೆಮ್ಮನಿಗೆ ಗೊತ್ತಿತ್ತು. ಆ ಮಾತು ಕೇಳಿ ಕೂಸಿನ ತಾಯಿಯೊಬ್ಬಳು ತನ್ನ ಕೈ ನೋಡಿಕೊಂಡಳು. ಆಮೇಲೆ ಸಿಂಹಾಚಲಂ, "ಯಾರಾದರೂ ನನ್ನ ಬೆನ್ನು ಕೆರೀರಿ, ಸಾಯ್ತೀನಿ," ಎಂದು ಕೂಗಿದ.

ಹೆಬ್ಬೆಟ್ಟು ಸಿಗದಿದ್ದರೆ ಜನರನ್ನೇ ತರಬೇಕು. ಸೋಮವಾರ ತಾಲ್ಲೂಕಿನಂಥ ಮಂಡಲದ ಕಚೇರಿಯಿಂದ ಅಧಿಕಾರಿ ಬರುವವರಿದ್ದರು. ಸಭೆಯ ವಿಡಿಯೋ ಮೇಲಕ್ಕೆ ಹೋಗಬೇಕಿತ್ತು. ಖಾಲಿ ಕುರ್ಚಿಗಳ ವಿಡಿಯೋ ಕಳಿಸಲಾಗುವುದಿಲ್ಲ. ಸತ್ಯಮೂರ್ತಿ ಯೋಚಿಸಿ, ಕಾಲನಿಯವರನ್ನೇ ತುಂಬಿಕೊಂಡು ಬಾ ಎಂದರು. ಒಂದು ತಲೆ ತಲೆಯೇ ತಾನೆ. ಸಮವಸ್ತ್ರ ಬೇಡ, ಮನೆಯ ಸೀರೆ ಉಟ್ಟು ಬರಲಿ.

ಹಾಗೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಸದ ಟ್ರ್ಯಾಕ್ಟರು ಕಾಲನಿಗೆ ಬಂತು. ಟ್ರೇಲರನ್ನು ತೊಳೆದಿರಲಿಲ್ಲ. ನೊಣಗಳು ಅವರಿಗಿಂತ ಮೊದಲೇ ಹತ್ತಿ ಕೂತಿದ್ದವು. ಮಡಿಕೆ ಬಿಚ್ಚಿದ ಸೀರೆಗಳು, ತಲೆಗೆ ಕನಕಾಂಬರ. ನಾಲ್ಕು ಸುತ್ತು ಹೊಡೆದು ಹತ್ತಿರ ಹತ್ತಿರ ನೂರೈವತ್ತು ಜನರನ್ನು ಆ ಟ್ರೇಲರಿನಲ್ಲೇ ಸಾಗಿಸಿದರು.

"ಕಸ ಎಲ್ಲಿ ಹಾಕಬೇಕು ಅಂತ ಕೇಳೋಕೆ ನಮ್ಮನ್ನ ಕಸದ ಗಾಡೀಲಿ ಒಯ್ತಾರೆ," ಎಂದಳು ಗಂಗಾಭವಾನಿ. "ಪರವಾಗಿಲ್ಲ. ರಾಯಭಾರಿಗಳಿಗೆ ಗಾಡಿ ಬಂದಿದೆ."

ಟ್ರೇಲರು ಕುಲುಕಿದ ಕಡೆಯೆಲ್ಲ ಅವರು ಕೈ ಬೀಸಿದರು. ಬಾಗಿಲಲ್ಲಿ ನಿಂತಿದ್ದ ಊರಿನವರು ಏನು ಮಾಡುವುದೆಂದು ತಿಳಿಯದೆ ತಾವೂ ಬೀಸಿದರು.

ದಾರಿಯಲ್ಲಿ ಜಗದೀಶ್ ಪಾಠ ಹೇಳಿಕೊಟ್ಟ. "ನಾನು ಕರ್ಚೀಫು ತೆಗೆದು ಮುಖ ಒರೆಸ್ತೀನಿ. ಆಗ ಎಲ್ಲರೂ ಕೈ ಎತ್ತಬೇಕು. ಅಷ್ಟೇ. ಚಾ ಕೊಡ್ತಾರೆ."

ಪಂಚಾಯ್ತಿ ಹಾಲಿನಲ್ಲಿ ಕುರ್ಚಿಗಳು ಊರಿನ ಮೂವತ್ತು ನಲವತ್ತು ಜನರಿಗೆ. ಕಾಲನಿಯವರಿಗೆ ನೆಲ. ಆ ನೆಲವನ್ನು ಬೆಳಿಗ್ಗೆ ಗುಡಿಸಿದವಳು ಹುಲಿಗೆಮ್ಮನೇ. ವೇದಿಕೆಯ ನಡುವಿನ ಕುರ್ಚಿಯಲ್ಲಿ ರಾಮಮೋಹನ್ ಬಾಬು. ಊರೆಲ್ಲ ಅವರನ್ನು ಸರ್ಪಂಚ್‌ಗಾರು ಎನ್ನುತ್ತಿತ್ತು. ಪಂಚಾಯ್ತಿ ಅಧ್ಯಕ್ಷರ ಚುನಾವಣೆಯಲ್ಲಿ ಗೆದ್ದವರು ಅವರ ಹೆಂಡತಿ ಲಕ್ಷ್ಮೀಪ್ರಸನ್ನ. ಆಯಮ್ಮ ತುದಿಯ ಕುರ್ಚಿಯಲ್ಲಿ ಕೂತು ಸೆರಗಿನ ಅಂಚು ಎಣಿಸುತ್ತಿದ್ದರು. ಮಂಡಲದ ಅಧಿಕಾರಿ ಹೈಮಾವತಿ ಟ್ಯಾಬ್ಲೆಟ್ಟನ್ನು ಎತ್ತಿ ಹಿಡಿದು, "ಬೇಗ ಮುಗಿಸಿ, ಇನ್ನೂ ಎರಡು ಊರಿದೆ," ಎಂದರು.

ಸತ್ಯಮೂರ್ತಿ ಠರಾವು ಓದಿದರು. ಒಂದೇ ಉಸಿರಿನಲ್ಲಿ ಓದಿದರು. ದಿಬ್ಬ, ಕೇಂದ್ರ, ಹದಿನೈದು ವರ್ಷ, ಅಭಿವೃದ್ಧಿ. "ಒಪ್ಪಿಗೆ ಇದ್ದವರು ಕೈ ಎತ್ತಿ."

ಜಗದೀಶ್ ಕರ್ಚೀಫು ತೆಗೆದು ಮುಖ ಒರೆಸಿದ.

ಕುರ್ಚಿಗಳಿಂದ ಒಂಬತ್ತು ಕೈ ಎದ್ದವು. ನೆಲದಿಂದ ಒಂದೂ ಇಲ್ಲ. ಹೆಂಗಸರು ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದರು. ಎತ್ತು ಎಂದಾಗ ಎತ್ತಿ ಅಭ್ಯಾಸವಾದ ಕೈಗಳು. ಅವಕ್ಕೆ ತಿಳಿಯುತ್ತಿರಲಿಲ್ಲ, ಮೇಲೇಳಲು ತುಡಿಯುತ್ತಿದ್ದವು. ಸಿಂಹಾಚಲಂನ ಬಲಗೈ ತನ್ನಷ್ಟಕ್ಕೆ ಏಳತೊಡಗಿತು. ಅವನ ಹೆಂಡತಿ ಅದನ್ನು ಹಿಡಿದೆಳೆದು ಅದರ ಮೇಲೇ ಕೂತುಬಿಟ್ಟಳು. ಜಗದೀಶ್ ಮತ್ತೆ ಮುಖ ಒರೆಸಿದ. ಕತ್ತು ಒರೆಸಿದ. ಕಿವಿ ಒರೆಸಿದ. ಕೊನೆಗೆ ಕರ್ಚೀಫನ್ನು ಬಾವುಟದಂತೆ ಬೀಸಿದ. ಎಲ್ಲೋ ಒಬ್ಬಳು ಕಿಸಕ್ಕೆಂದಳು.

"ಸರಿ, ಮೌನ ಅಂದ್ರೆ ಸಮ್ಮತಿ," ಎಂದರು ರಾಮಮೋಹನ್. "ಬರ್ಕೊಳ್ಳಿ, ಏಕಗ್ರೀವ."

ಹುಲಿಗೆಮ್ಮ ಎದ್ದು ನಿಂತಳು.

"ಅದನ್ನ ಗುರುವಾರನ ಬರದೀರಲ್ರಿ," ಎಂದಳು. "ನಾ ಓದೀನಿ."

ಅವಳ ತೆಲುಗಿನಲ್ಲಿ ಯಾವಾಗಲೂ ರಾಯಚೂರು ಇಣುಕುತ್ತಿತ್ತು. ಊರು ಅದಕ್ಕೆ ನಗುತ್ತಿತ್ತು. ಇವತ್ತು ಯಾರೂ ನಗಲಿಲ್ಲ. ಸತ್ಯಮೂರ್ತಿ ರಿಜಿಸ್ಟರಿನ ಮೇಲೆ ಮೊಣಕೈ ಊರಿದರು.

"ನೀನು ಓದ್ತೀಯಾ?"

"ಜಿಲೇಬಿ ಓದಾಕ ಬರತೈತ್ರಿ."

"ಕೂತ್ಕೋ," ಎಂದರು ರಾಮಮೋಹನ್. "ದಿನಾ ಕಸದಲ್ಲೇ ಇರೋರಿಗೆ ಕಸದ ವಾಸನೆ ಏನು ಹೊಸದಾ?"

ಹುಲಿಗೆಮ್ಮ ಕೂರಲಿಲ್ಲ.

"ಹೊಸದಲ್ರಿ ಬಾಬು. ಅದಕ್ಕ ನಿಂತೀನಿ. ನಿಮ್ಮ ಮನೀ ಕಸ ನಂಗ ಗೊತ್ತೈತಿ. ಯಾವ ಮನ್ಯಾಗ ಯಾರಿಗೆ ಸಕ್ಕರಿ ಕಾಯಿಲೆ, ಯಾವ ಮನ್ಯಾಗ ಅನ್ನ ಉಳೀತೈತಿ, ಯಾವ ಮನ್ಯಾಗ ಬಾಟ್ಲಿ ಪೇಪರಿನಾಗ ಸುತ್ತಿ ಒಗೀತಾರ. ಯಾರಿಗೂ ಹೇಳಿಲ್ಲ. ಹೊತ್ತೀವಿ. ಸಂಜಿಗೆ ದಿಬ್ಬಕ್ಕ ಹೋಗಿ ಮೈ ತೊಳಕೋತೀವಿ. ಆಮ್ಯಾಲ ನಾವು ಮಂದಿ. ಮರುದಿನ ಬೆಳಕ ಹರಿಯೂತನ ಮಂದಿ. ಆ ದಿಬ್ಬದ ಮ್ಯಾಲ ಪಟ್ಟಣದ ಕಸ ತಂದು ಹಾಕಿದ್ರ ನಾವು ಎಲ್ಲಿ ಹೋಗಿ ಮಂದಿ ಆಗೂಣು, ಹೇಳ್ರಿ?"

ಹುಲಿಗೆಮ್ಮ ವೇದಿಕೆಯ ಕಡೆ ಒಂದು ಹೆಜ್ಜೆ ಇಟ್ಟಳು.

"ವಿರೋಧ ಎಷ್ಟು ಮಂದಿ ಅಂತ ಕೇಳ್ರಿ. ಕೇಳಿಲ್ಲ ನೀವು."

"ಅದನ್ನ ಕೇಳೋ ಪದ್ಧತಿ ಇಲ್ಲ," ಎಂದರು ರಾಮಮೋಹನ್.

ಹೈಮಾವತಿ ಟ್ಯಾಬ್ಲೆಟ್ಟಿನಿಂದ ತಲೆ ಎತ್ತಿದರು. ಅವರಿಗೆ ದಿಬ್ಬವೂ ಬೇಕಿರಲಿಲ್ಲ, ಕಾಲನಿಯೂ ಬೇಕಿರಲಿಲ್ಲ. ಅವರ ಪರದೆಯಲ್ಲಿ ಎರಡು ಖಾನೆ ಇತ್ತು, ಒಂದು ಖಾಲಿ ಉಳಿದಿತ್ತು. "ಕೇಳಬೇಕು. ಇಲ್ಲಾಂದ್ರೆ ಇದು ಸಬ್ಮಿಟ್ ಆಗಲ್ಲ. ಸರ್ಪಂಚ್ ಕೇಳಲಿ."

"ಸರಿ..." ಎಂದು ರಾಮಮೋಹನ್ ಗಂಟಲು ಸರಿಮಾಡಿಕೊಂಡರು.

"ನೀವ್ಯಾರು? ಇಲ್ಲಿ ಸರ್ಪಂಚ್ ಲಕ್ಷ್ಮೀಪ್ರಸನ್ನ ಅಂತಿದೆ."

"ನಾನು ಅವರ ಗಂಡ."

ನೆಲ ನಕ್ಕಿತು. ನೂರೈವತ್ತು ಜನ ಒಟ್ಟಿಗೆ ನಕ್ಕರು. ಕುರ್ಚಿಗಳಲ್ಲೂ ಕೆಲವರು ಬಾಯಿಗೆ ಟವಲು ಹಿಡಿದರು. ವಿಡಿಯೋ ಓಡುತ್ತಿತ್ತು. ಲಕ್ಷ್ಮೀಪ್ರಸನ್ನ ಸೆರಗಿನ ಅಂಚನ್ನು ಬಿಟ್ಟು ಎದ್ದರು. ಗಂಡನ ಕಡೆ ನೋಡಲಿಲ್ಲ.

"ವಿರೋಧ ಇದ್ದವರು ಕೈ ಎತ್ತಿ."

ನಾಲ್ಕು ವರ್ಷದಲ್ಲಿ ಊರು ಆಯಮ್ಮನ ದನಿ ಕೇಳಿದ್ದು ಅದೇ ಮೊದಲು. ದನಿ ಚೆನ್ನಾಗಿತ್ತು.

ಕೈಗಳು ಎದ್ದವು. ತೊಡೆಯ ಕೆಳಗಿಂದ, ಸೆರಗಿನ ಒಳಗಿಂದ ಎದ್ದವು. ಸಿಂಹಾಚಲಂನ ಕೈಯನ್ನು ಅವನ ಹೆಂಡತಿ ಬಿಟ್ಟಳು, ಅದು ಬುಗ್ಗೆಯಂತೆ ಹಾರಿತು. ಮೂರು ರಾತ್ರಿಯ ಮದರಂಗಿ. ಅಂಗೈಗಳ ನಡುವೆ ಕೆಂಡದಂಥ ಚಂದ್ರಗಳು. ಒಂದೊಂದು ಬೆರಳಿಗೂ ಕೆಂಪು ತುದಿ. ನೀರು ಕೊಡುವಾಗ ಊರಿನವರು ಎಂದೂ ನೋಡದ ಅಂಗೈಗಳು ಅವರ ಮುಖದ ಮುಂದೆ ನಿಂತಿದ್ದವು. ಹೈಮಾವತಿ ಎಣಿಸಿದರು. ತಪ್ಪಿತು. ಮತ್ತೆ ಎಣಿಸಿದರು. ಕುರ್ಚಿಯ ಸಾಲಿನ ಮೂರು ಕೈ ಸೇರಿ ನೂರ ಐವತ್ತೆರಡು.

"ಠರಾವು ಬಿದ್ದುಹೋಯ್ತು," ಎಂದರು. "ಕೈ ಇಳಿಸಿ."

ಕೈಗಳು ಇಳಿಯಲಿಲ್ಲ. ಅವಕ್ಕೆ ರುಚಿ ಹತ್ತಿತ್ತು.

"ಇನ್ನೊಂದು ಕೇಳು ತಾಯೀ!" ಗಂಗಾಭವಾನಿ ಕೂಗಿದಳು. "ಮುಂದಿನ ಸಭೆಗೆ ನಮಗೂ ಕುರ್ಚಿ!"

ಲಕ್ಷ್ಮೀಪ್ರಸನ್ನ ಕೇಳಿದರು. ನೂರ ಐವತ್ತೆರಡು.

"ಕೈಗವಸು!" ನೂರ ಐವತ್ತೆರಡು.

"ಊರಿನ ಹಸಿ ಕಸ ಆಯಾ ಬೀದಿಯ ಗುಂಡಿಗೇ ಹೋಗಲಿ! ಗುಂಡಿ ಎಲ್ಲಿ ಅಂತ ಆ ಬೀದಿಯವರೇ ಹೇಳಲಿ!" ಇದಕ್ಕೆ ಕುರ್ಚಿಗಳಲ್ಲಿ ಗಲಾಟೆ ಎದ್ದಿತು, ಆದರೂ ಹತ್ತು ಕೈ ಹೆಚ್ಚಾಗಿಯೇ ಬಂತು.

"ಪಟ್ಟಣದ ಕಸ ಏನ್ ಮಾಡ್ಬೇಕು ಹಾಗಾದ್ರೆ?" ಹೈಮಾವತಿ ಕೇಳಿದರು. ಅವರೂ ಗಡಿಯಾರ ನೋಡುವುದನ್ನು ಮರೆತಿದ್ದರು.

"ಪಟ್ಟಣದೋರನ್ನ ಕೇಳ್ರಿ," ಎಂದಳು ಹುಲಿಗೆಮ್ಮ. "ಅವರಿಗೂ ಕೈ ಅದಾವಲ್ಲ."

"ಜಗದೀಶನಿಗೆ ಮದುವೆ ಆಗಬೇಕು!" ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರ ಕೈ ಎದ್ದಿತು. ಅದನ್ನು ಬರೆಯಲಾಗುವುದಿಲ್ಲ ಎಂದರು ಹೈಮಾವತಿ. ಜಗದೀಶ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. ಈ ಸಲ ಅದು ಸನ್ನೆಯಾಗಿರಲಿಲ್ಲ.

ಹಿಂದಿರುಗುವಾಗ ಟ್ರ್ಯಾಕ್ಟರು ಇರಲಿಲ್ಲ. ಎರಡು ಮೈಲಿ ನಡೆದರು. ದಾರಿಯುದ್ದಕ್ಕೂ ಒಬ್ಬಳು, "ಈ ಮರಕ್ಕೆ ನೆರಳು ಬೇಕು ಅನ್ನೋರು ಕೈ ಎತ್ತಿ," ಎನ್ನುವುದು, ಎಲ್ಲರೂ ಎತ್ತುವುದು. "ಈ ಬಿಸಿಲು ಬೇಡ ಅನ್ನೋರು." ಎತ್ತುವುದು. ಎಮ್ಮೆಯೊಂದಕ್ಕೆ ದಾರಿ ಬಿಡಬೇಕೋ ಬೇಡವೋ ಎಂಬುದನ್ನೂ ಮತಕ್ಕೆ ಹಾಕಿದರು. ಎಮ್ಮೆ ಫಲಿತಾಂಶಕ್ಕೆ ಕಾಯಲಿಲ್ಲ.

ಮಂಗಳವಾರ ಬೆಳಿಗ್ಗೆ ಜಗದೀಶ್ ಯಂತ್ರ ತಂದಿರಲಿಲ್ಲ. ಕಂಪನಿಯ ಕಾಗದ ತಂದಿದ್ದ. ಅರವತ್ತಮೂರು ಕೆಲಸಗಾರರೂ ಇನ್ನು ಬರಬೇಕಿಲ್ಲ. ಹೊಸಬರನ್ನು ತರುತ್ತಾರೆ.

ಅವರು ಪೊರಕೆಗಳನ್ನು ಗೋಡೆಗೆ ಒರಗಿಸಿ ಮನೆಗೆ ಹೋದರು.

ಹೊಸಬರು ಬರಲಿಲ್ಲ. ಪೆಂಡುರ್ತಿಯಿಂದ ಒಂದು ಗಾಡಿ ಜನ ಬಂದರು, ಮೀನಂಗಡಿಯ ಮೋರಿ ನೋಡಿದರು, ಹಾಗೇ ಗಾಡಿ ಹತ್ತಿ ಹೋದರು. ಬುಧವಾರ ಮಳೆ ಬಂತು. ಬಾಗಿಲುಗಳ ಮುಂದಿನ ಚೀಲಗಳು ಒಡೆದವು. ಗುರುವಾರ ಊರಿನ ಕಸ ಬೀದಿಯಲ್ಲಿ ತೇಲಿ ಎಲ್ಲರ ಮನೆಯ ಮೆಟ್ಟಿಲನ್ನೂ ನೋಡಿಕೊಂಡು ಬಂತು. ರಾಮಮೋಹನ್ ಬಾಬುವಿನ ಮನೆ ತಗ್ಗಿನಲ್ಲಿತ್ತು.

ಕಾಲನಿಯಲ್ಲಿ ಗಂಜಿ ತೆಳುವಾಗಿತ್ತು. ಹುಲಿಗೆಮ್ಮ ಮಗುವಿಗೆ ಹಾಕಿ ಉಳಿದದ್ದನ್ನು ಅತ್ತೆಗೆ ಕೊಟ್ಟಳು. ಅತ್ತೆ ಅರ್ಧ ವಾಪಸು ಸುರಿದಳು. ಆದರೂ ಯಾರೂ ಪಂಚಾಯ್ತಿಯ ಕಡೆ ಹೋಗಲಿಲ್ಲ. ಹಗಲೆಲ್ಲ ದಿಬ್ಬದ ಮೇಲೆ ಕೂತರು. ಅಷ್ಟು ಹೊತ್ತು ಸುಮ್ಮನೆ ಕೂತು ಯಾರಿಗೂ ಅಭ್ಯಾಸವಿರಲಿಲ್ಲ. ಮೈ ನೋವು ಬಂತು ಎಂದು ನಕ್ಕರು.

ಶುಕ್ರವಾರ ಸಂಜೆ ಕಾಲನಿಯ ಬಾಯಿಗೆ ಒಂದು ಕಾರು ಬಂದು ನಿಂತಿತು. ರಾಮಮೋಹನ್ ಬಾಬು ಇಳಿದರು. ಹಿಂದೆ ಜಗದೀಶ್. ಬಾಬು ಆ ಬೀದಿಯಲ್ಲಿ ಕಾಲಿಟ್ಟಿದ್ದು ವೋಟಿನ ಕಾಲ ಬಿಟ್ಟರೆ ಇದೇ ಮೊದಲು. ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ದಿಬ್ಬದ ಬುಡದಲ್ಲಿ ನಿಂತು ಮೇಲೆ ನೋಡಿದರು. ಒದ್ದೆ ತಲೆಯ ಹೆಂಗಸರು ಕೆಳಗೆ ನೋಡಿದರು.

"ನಿಮ್ಮಲ್ಲಿ ಲೀಡರ್ ಯಾರು?"

"ಲೀಡರ್ ಇಲ್ರಿ," ಎಂದಳು ಹುಲಿಗೆಮ್ಮ. "ಇಷ್ಟೂ ಮಂದಿ ಅದೀವಿ."

"ಆ ಕಾಗದ ಹರಿದು ಹಾಕಿಸ್ತೀನಿ. ನಾಳೆ ಬೆಳಿಗ್ಗೆ ಬಂದ್ಬಿಡಿ. ಊರು ನಾರ್ತಿದೆ."

ಹುಲಿಗೆಮ್ಮನ ನಾಲಗೆಯ ತುದಿಗೆ ಹೂಂ ಎಂಬುದು ಬಂದಿತ್ತು. ಹೊಟ್ಟೆ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಅವಳು ಅದನ್ನು ನುಂಗಿದಳು.

"ಬರೂದೋ ಬಿಡೂದೋ ನಾ ಒಬ್ಬಾಕಿ ಹೆಂಗ ಹೇಳ್ಲಿ? ಸಭಾ ಕರೀರಿ. ಆ ಸೋಮವಾರದ ಠರಾವು ಓದ್ರಿ. ಕುರ್ಚಿ, ಕೈಗವಸು, ಗುಂಡಿ. ಆಮ್ಯಾಲ ಕೈ ಎತ್ತಿ ಹೇಳ್ತೀವಿ."

"ಸಭೆನಾ?" ರಾಮಮೋಹನ್ ಜಗದೀಶನನ್ನು ನೋಡಿದರು. ಅವನು ತನ್ನ ಷೂ ನೋಡಿದ. "ಸರಿ. ಸೋಮವಾರ, ಕಚೇರಿಲಿ."

"ಕಚೇರ್ಯಾಗ ಬ್ಯಾಡ. ಇಲ್ಲೇ ದಿಬ್ಬದ ಮ್ಯಾಲ. ಮತ್ತ ನೀವ್ ಕರದ್ರ ಆಗೂದಿಲ್ಲ. ಸರ್ಪಂಚ್ ಅಮ್ಮಗಾರು ಕರೀಬೇಕು." ಅವಳು ಹಿಂದಕ್ಕೆ ತಿರುಗಿದಳು. "ಸೋಮವಾರ ಅಂತಾರ. ಪುರುಸೊತ್ತು ಐತೇನು ನಿಮಗ?"

"ಸೋಮವಾರ ಆಗಲ್ಲ," ಎಂದಳು ಒಬ್ಬಳು. "ಮಗಳು ಬರ್ತಾಳೆ."

"ನಾಳೇನೇ ಆಗಲಿ, ಮನೇಲಿ ಅಕ್ಕಿ ಇಲ್ಲ," ಎಂದಳು ಕೂಸಿನ ತಾಯಿ.

"ನಾಳೆ ಅಂದ್ರೆ ನಾವೇ ಸೋತ ಹಾಗೆ. ನಾಡಿದ್ದು."

"ನಾಡಿದ್ದು ಹುಣ್ಣಿಮೆ."

"ಹುಣ್ಣಿಮೆಗೂ ಮೋರಿಗೂ ಏನೇ ಸಂಬಂಧ? ಯಾವ ಹುಣ್ಣಿಮೆ ನಿನಗೆ ರಜೆ ಕೊಟ್ಟಿದೆ?"

"ನನ್ನದೊಂದು ಮಾತು ಕೇಳಿ..." ಎಂದು ಸಿಂಹಾಚಲಂ ಎದ್ದ. ಅವನ ಹೆಂಡತಿ, "ನೀನು ಮೊದಲು ಕೂತ್ಕೋ," ಎಂದಳು. ಅವನು ಕೂರಲಿಲ್ಲ. ನನಗೂ ಒಂದು ವೋಟಿದೆ ಎಂದ. ಗಂಗಾಭವಾನಿ ಅವನ ಪರವಾಗಿ ಎದ್ದಳು, ನಾಲ್ವರು ಗಂಗಾಭವಾನಿಯ ವಿರುದ್ಧ ಎದ್ದರು. ದಿಬ್ಬದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹುಲಿಗೆಮ್ಮ ನಡುವೆ ನಿಂತು ಅತ್ತ ಕೂಗಿದಳು, ಇತ್ತ ಕೂಗಿದಳು, ಕೊನೆಗೆ ಅವಳೂ ಒಂದು ದಿನದ ಪಕ್ಷ ಹಿಡಿದು ಜಗಳಕ್ಕೆ ಇಳಿದಳು.

ಕೆಳಗೆ ರಾಮಮೋಹನ್ ಬಾಬು ಎರಡು ಸಲ ಕೆಮ್ಮಿದರು. ಮೇಲೆ ಯಾರಿಗೂ ಕೇಳಿಸಲಿಲ್ಲ. ಅವರು ಕಾರಿನ ಬಾಗಿಲನ್ನು ಮುಚ್ಚಿ, ಅದಕ್ಕೆ ಒರಗಿ, ಕಾಯುತ್ತಾ ನಿಂತರು.